ಗೆರೆ ಎಳೆದವರು ಹೊರಗಿನವರು, ಆದರೆ...

ಕೊರಿಯಾ ಕುರಿತ ಲೇಖನವನ್ನು ಓದಿದೆ. ಅಲ್ಲಿನ ಶಾಂತಿ ವಾಷಿಂಗ್ಟನ್ ಮತ್ತು ಬೀಜಿಂಗ್‌ಗಳ ಕೈಯಲ್ಲಿದೆ ಎಂಬ ಲೇಖಕರ ವಾದವನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. 1945ರಲ್ಲಿ ಕೊರಿಯಾವನ್ನು ಉತ್ತರ, ದಕ್ಷಿಣ ಎಂದು ಎರಡಾಗಿಸಿದ 38ನೇ ಅಕ್ಷಾಂಶದ ಗೆರೆಯನ್ನು ಎಳೆದವರು ಕೊರಿಯನ್ನರಲ್ಲ. ಕೊರಿಯಾ ಯುದ್ಧವನ್ನು ನಿಲ್ಲಿಸಿದ 1953ರ ಜುಲೈ 27ರ ಕದನವಿರಾಮಕ್ಕೆ ವಿಶ್ವಸಂಸ್ಥೆಯ ಸೇನಾ ಕಮಾಂಡ್, ಉತ್ತರ ಕೊರಿಯಾ ಮತ್ತು ಚೀನೀ ಸ್ವಯಂಸೇವಕ ಪಡೆ ಸಹಿ ಹಾಕಿದವೇ ಹೊರತು ದಕ್ಷಿಣ ಕೊರಿಯಾ ಹಾಕಲಿಲ್ಲ. ಶಾಂತಿ ಒಪ್ಪಂದವಂತೂ ಇಂದಿಗೂ ಆಗಿಲ್ಲ. (ಆ ಕದನವಿರಾಮದ ಬಳಿಕ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಎಂಬುದನ್ನು ಲೇಖನ ಹೇಳಬಹುದಿತ್ತು.)

ಆದರೆ ಉತ್ತರ ಮತ್ತು ದಕ್ಷಿಣ ಕೊರಿಯಾಗಳ 1972ರ ಜುಲೈ 4ರ ಜಂಟಿ ಹೇಳಿಕೆಯನ್ನು ಲೇಖಕರು ಬಿಟ್ಟಿದ್ದೇಕೆ? ಅಮೆರಿಕ ಮತ್ತು ಚೀನಾ ಪರಸ್ಪರ ಹತ್ತಿರವಾಗುತ್ತಿದ್ದುದನ್ನು ಕಂಡು ಕಳವಳಗೊಂಡ ಎರಡೂ ಕೊರಿಯಾಗಳ ಸರ್ಕಾರಗಳು, ಹೊರಗಿನವರ ಹಸ್ತಕ್ಷೇಪವಿಲ್ಲದೆ ಶಾಂತಿಯುತವಾಗಿ ಒಂದಾಗಬೇಕೆಂದು ಅದರಲ್ಲಿ ಘೋಷಿಸಿದವು. ಅದೇ ವರ್ಷ ಮುಗಿಯುವ ಮೊದಲೇ ದಕ್ಷಿಣದಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್ ಹೀ, ಉತ್ತರದಲ್ಲಿ ನಾಯಕ ಕಿಮ್ ಇಲ್ ಸುಂಗ್ ಹೊಸ ಸಂವಿಧಾನಗಳನ್ನು ತಂದು ತಮ್ಮ ಅಧಿಕಾರವನ್ನೇ ಬಿಗಿಗೊಳಿಸಿಕೊಂಡರು. ಉತ್ತರ ಕೊರಿಯಾದ ಕೆಸಾಂಗ್‌ನಲ್ಲಿ ಎರಡೂ ಕಡೆಯವರು ಸೇರಿ ನಡೆಸುತ್ತಿದ್ದ ಕೈಗಾರಿಕಾ ವಲಯದ ಕೆಲಸವನ್ನು 2016ರಲ್ಲಿ ನಿಲ್ಲಿಸಿದ್ದು ಸೋಲ್‌ನ ದಕ್ಷಿಣ ಕೊರಿಯಾ ಸರ್ಕಾರ; ಅದೇ ಊರಿನಲ್ಲಿದ್ದ ಉಭಯ ಕೊರಿಯಾಗಳ ಸಂಪರ್ಕ ಕಚೇರಿಯನ್ನು 2020ರಲ್ಲಿ ಸ್ಫೋಟಿಸಿದ್ದು ಪ್ಯೊಂಗ್ಯಾಂಗ್‌ನ ಉತ್ತರ ಕೊರಿಯಾ ಸರ್ಕಾರ. ಮಹಾಶಕ್ತಿಗಳ ಒತ್ತಡ ಎಷ್ಟೇ ಇದ್ದರೂ ಈ ನಿರ್ಧಾರಗಳ ಹೊಣೆಯನ್ನು ಪೂರ್ತಿಯಾಗಿ ಅವುಗಳ ತಲೆಗೆ ಕಟ್ಟಲಾಗದು.

ಉತ್ತರ ಕೊರಿಯಾದ ಅಣ್ವಸ್ತ್ರದ ಮಾತುಕತೆ ಫಲಿಸುವವರೆಗೆ ಉಳಿದದ್ದೆಲ್ಲ ಕಾಯಬೇಕೆಂಬ ಲೇಖಕರ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ಗೆರೆಯ ಎರಡೂ ಕಡೆ ಹಂಚಿಹೋಗಿ ಅಗಲಿದ ಕುಟುಂಬಗಳ ಭೇಟಿ ಕೊನೆಯದಾಗಿ ನಡೆದದ್ದು 2018ರ ಆಗಸ್ಟ್‌ನಲ್ಲಿ. ಅದಕ್ಕಾಗಿ ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಈಗಾಗಲೇ ತೀರಿಕೊಂಡಿದ್ದಾರೆ.