ಗಿಲಾವಿಗಿಂತ ಮೊದಲು ಹಾಕಬೇಕಾದ ಖಾಲಿ ಪೈಪು

ಕಲಬುರಗಿಯ ಜೇವರ್ಗಿ ಕಾಲೊನಿಯಿಂದ ಮನೆ ರಿಪೇರಿ ಮುಗಿದ ಫೋಟೋಗಳು ಬಂದವು. ಹೊಸ ಟೈಲ್ಸು, ಪಿಓಪಿ ಛತ್ತು, ದೇವರ ಮನೆಗೆ ಸಾಗವಾನಿ ಬಾಗಿಲು, ಅಡಿಗೆಮನೆಯಲ್ಲಿ ಗ್ರಾನೈಟ್ ಕಟ್ಟೆ. ಎಲ್ಲ ಚೆಂದ. ಒಂದು ಫೋಟೋದಲ್ಲಿ ಮಾತ್ರ ಕಿಟಕಿಯ ಮೂಲೆ ಕೊರೆದು ಒಳಗೆ ಬಂದ ಕರಿ ಫೈಬರ್ ವೈರು ಹೊಸ ಬಣ್ಣದ ಮೇಲೆ ಕ್ಲಿಪ್ಪು ಹೊಡೆಸಿಕೊಂಡು ಟಿವಿ ತನಕ ಹೋಗಿದೆ. ಅಲ್ಲಿಂದ ಒಂದು ನೀಲಿ ವೈರು ಬಾಗಿಲ ಚೌಕಟ್ಟಿನ ಸಂದಿಯಲ್ಲಿ ತೂರಿ ಹುಡುಗ ಓದುವ ಕೋಣೆ ಸೇರಿದೆ. ಬಾಗಿಲು ಹಾಕಿದಾಗೊಮ್ಮೆ ಅದು ಜಜ್ಜಿಹೋಗುತ್ತದೆ. ಮನೆಗೆ ಇಷ್ಟು ಖರ್ಚು ಮಾಡಿ, ಗೋಡೆಯನ್ನೆಲ್ಲ ಕಡಿದು ಮತ್ತೆ ಮುಚ್ಚಿ, ದಿನವಿಡೀ ಬಳಸುವ ಸವಲತ್ತಿಗೆ ಒಂದು ಪೈಪು ಹಾಕಿಸಲಿಲ್ಲವಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ನಾನಿರುವ ನೆದರ್ಲೆಂಡ್ಸಿನಲ್ಲಿ ಮುಂಬಾಗಿಲ ಪಕ್ಕಕ್ಕೆ ಮೀಟರಿನ ಕಪಾಟು ಒಂದು ಇದ್ದೇ ಇರುತ್ತದೆ. ಕರೆಂಟು, ನೀರು, ಗ್ಯಾಸು, ಫೈಬರು ಎಲ್ಲವೂ ನೆಲದಡಿಯಿಂದ ಬಂದು ಅದೇ ಕಪಾಟಿನಲ್ಲಿ ಮೇಲೇಳುತ್ತವೆ. ಈ ಕಪಾಟು ಹೇಗಿರಬೇಕೆಂದು ಹೇಳುವ ಮಾನದಂಡವೇ ಇದೆ, ಎನ್‌ಇಎನ್ 2768 ಎಂದು. ಅಲ್ಲಿಂದ ಹಾಲಿಗೆ ಮತ್ತು ಮಲಗುವ ಕೋಣೆಗಳಿಗೆ ಖಾಲಿ ಪೈಪುಗಳನ್ನು ಗೋಡೆಯೊಳಗೇ ಎಳೆದು, ಒಳಗೊಂದು ತಂತಿ ಬಿಟ್ಟು, ಬಾಯಿಗೆ ಬಿಳಿ ಮುಚ್ಚಳ ಹಾಕಿರುತ್ತಾರೆ. ಕಟ್ಟಿದವರಿಗೆ ಅದರಲ್ಲಿ ಯಾವ ವೈರು ಬರುತ್ತದೆಂದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಮೊದಲು ಫೋನಿನದು ಹೋಯಿತು, ಆಮೇಲೆ ಕೇಬಲ್ ಟಿವಿಯದು, ಈಗ ನೆಟ್ಟಿನ ಕ್ಯಾಟ್ 6 ವೈರು. ಗೋಡೆ ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ನಮ್ಮ ಕಡೆ ಮುಂದಿನ ಯೋಚನೆ ಇಲ್ಲವೆಂದಲ್ಲ. ಮುಂದೆ ಮಗ ಮೇಲೊಂದು ಅಂತಸ್ತು ಕಟ್ಟಿಸುತ್ತಾನೆಂದು ಕಾಲಮ್ಮಿನ ಸಳಿಗಳನ್ನು ಮಾಳಿಗೆಯ ಮೇಲೆ ಮೂರು ಫೂಟು ಬಿಟ್ಟೇ ಇರುತ್ತೇವೆ. ಆ ಸಳಿಯ ಪಕ್ಕದಲ್ಲೇ ಒಂದು 32 ಎಂಎಂ ಪೈಪು ಬಿಡಬೇಕೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಕೇಳಿದರೆ ಎಲೆಕ್ಟ್ರಿಷಿಯನ್ ಹೇಳುವುದು ಒಂದೇ ಮಾತು, "ಈಗ ಎಲ್ಲಾ ವೈಫೈ ಅದರೀ ಅಣ್ಣಾರ, ವೈರ್ ಯಾಕ ಬೇಕು?"

ಆ ವೈಫೈ ನಮ್ಮ ಗೋಡೆಗಳನ್ನು ದಾಟುವುದಿಲ್ಲ. ಕಲಬುರಗಿಯ ಬ್ರಹ್ಮಪುರದ ಹಳೇ ಮನೆಗಳಲ್ಲಿ ಕಲ್ಲಿನ ಗೋಡೆಯೇ ದೀಡ (ಒಂದೂವರೆ) ಫೂಟು, ಕೆಲವು ಕಡೆ ಎರಡು. 5 ಗಿಗಾಹರ್ಟ್ಸ್ ಸಿಗ್ನಲ್ಲು ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಎರಡನೆಯದರಾಚೆ ಹೆಸರಿಗಷ್ಟೇ ಉಳಿಯುತ್ತದೆ. ಹೊಸ ಮನೆಗಳಲ್ಲಿ ಇಟ್ಟಿಗೆ ಗೋಡೆಯಿಂದ ಅಷ್ಟು ತೊಂದರೆಯಿಲ್ಲ, ಆದರೆ ಸ್ಲ್ಯಾಬಿನ ಕಬ್ಬಿಣ ಮೇಲಿನ ಅಂತಸ್ತಿಗೆ ಹೋಗಗೊಡುವುದಿಲ್ಲ. ಹಾಗಾಗಿ ವೈಫೈ ಚೆನ್ನಾಗಿ ಬೇಕೆನ್ನುವವರೇ ಮೊದಲು ವೈರು ಹಾಕಿಸಬೇಕು. ಪ್ರತಿ ಅಂತಸ್ತಿನ ನಡುಮಧ್ಯದ ಛತ್ತಿಗೆ ಒಂದು ಕ್ಯಾಟ್ 6 ಮುಟ್ಟಿಸಿ, ಅಲ್ಲೊಂದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬೀರುವ ಡಬ್ಬಿ, ಕೂಡಿಸಬೇಕು. ಪಿಓಇ ಸವಲತ್ತಿನ ಸ್ವಿಚ್ಚು ಇದ್ದರೆ ಅದೇ ವೈರಿನಲ್ಲಿ ಕರೆಂಟೂ ಹೋಗುತ್ತದೆ.

ಕೆಲಸ ಶುರುವಾಗಬೇಕಾದ್ದು ಮೂಲ ಜಾಗದಿಂದ. ಫೈಬರಿನ ಡಬ್ಬಿ, ರೂಟರು, ಕೋಣೆಗಳಿಗೆ ನೆಟ್ ಹಂಚುವ ಸ್ವಿಚ್ಚು ಮೂರೂ ಕೂಡುವ ಗೂಡು, ಕನಿಷ್ಠ ದೀಡ ಫೂಟು ಅಗಲ, ಎರಡು ಫೂಟು ಎತ್ತರ. ಹಳೇ ಮನೆಯ ಗೋಡೆಯಲ್ಲಿರುವ ಮಾಡವನ್ನೇ ಇದಕ್ಕೆ ಬಳಸಬಹುದು, ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಪಡುವಣ ಗೋಡೆ ಬೇಡ, ಸ್ಲ್ಯಾಬಿಗೆ ಹತ್ತಿದ ಅಟ್ಟವಂತೂ ಬೇಡವೇ ಬೇಡ. ಮನೆಬಳಕೆಯ ಹೆಚ್ಚಿನ ರೂಟರುಗಳ ಕಾಗದದಲ್ಲಿ 0ರಿಂದ 40 ಡಿಗ್ರಿ ಎಂದಿರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಹೊರಗಿನ ನೆರಳೇ ಅದನ್ನು ದಾಟುತ್ತದೆ. ಗೂಡಿಗೆ ತಗಡಿನ ಬಾಗಿಲು ಹಾಕಿದರೆ ಒಳಗೆ ಕಾವು ನಿಲ್ಲುತ್ತದೆ, ಅಲ್ಲೇ ರೂಟರಿನ ವೈಫೈ ಇದ್ದರೆ ಅದೂ ಹೊರಗೆ ಬಾರದು. ಜಾಲರಿ ಕೊರೆದ ಕಟ್ಟಿಗೆಯ ಬಾಗಿಲು ಸಾಕು. ಒಳಗೆ ಇನ್ವರ್ಟರ್ ಲೈನಿನ ಮೇಲೆ ನಾಲ್ಕು ಪ್ಲಗ್ ಪಾಯಿಂಟು ಕೊಡಿಸಬೇಕು. ಇದನ್ನು ಮರೆತರೆ ಕರೆಂಟು ಹೋದಾಗ ಫ್ಯಾನು ತಿರುಗುತ್ತಿರುತ್ತದೆ, ನೆಟ್ ಸತ್ತಿರುತ್ತದೆ.

ಗೂಡಿನಿಂದ ಹೊರಗೋಡೆಗೆ, ಕಂಬವಿರುವ ಬದಿಗೆ, ಫೈಬರಿಗೆಂದೇ ಒಂದು 25 ಎಂಎಂ ಪೈಪು. ಹೊರಗಿನ ಬಾಯಿ ಸ್ವಲ್ಪ ಇಳಿಜಾರಾಗಿರಲಿ, ಇಲ್ಲವಾದರೆ ಮಳೆನೀರು ಪೈಪಿನಲ್ಲೇ ಇಳಿದು ಗೂಡಿಗೆ ಬರುತ್ತದೆ. ಕಂಬದಿಂದ ಮನೆಗೆ ಎಳೆಯುವ ಡ್ರಾಪ್ ವೈರಿನ ಜೊತೆಗೆ ಬರುವ ಕಬ್ಬಿಣದ ತಂತಿಯನ್ನು ಹೊರಗೋಡೆಯ ಕೊಂಡಿಗೇ ಕಟ್ಟಿ ಅಲ್ಲೇ ಕತ್ತರಿಸಿ, ಫೈಬರನ್ನಷ್ಟೇ ಒಳಗೆ ತರಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಆ ತಂತಿ ಮನೆಯೊಳಗೆ ಇರಬಾರದು. ಇದೇ ಕಾರಣಕ್ಕೆ ಮಾಳಿಗೆಯ ಕ್ಯಾಮೆರಾಕ್ಕೆ ಹೋಗುವ ಕ್ಯಾಟ್ 6ಗೆ ಅರ್ಥಿಂಗ್ ಇರುವ ಸರ್ಜ್ ಪ್ರೊಟೆಕ್ಟರ್ ಬೇಕು. ಬಿಸಿಲಿಗೆ ಬೀಳುವಷ್ಟು ದೂರ ಕರಿ ಪಾಲಿಥಿನ್ ಹೊದಿಕೆಯ ಹೊರಾಂಗಣ ಕೇಬಲ್ಲೇ ಆಗಬೇಕು. ಒಳಾಂಗಣದ ಸಾದಾ ಪಿವಿಸಿ ಹೊದಿಕೆ ನಮ್ಮ ಬಿಸಿಲಿಗೆ ಸೀಳು ಬಿಡುತ್ತದೆ.

ಇನ್ನು ಕೋಣೆಗಳ ಪೈಪು. 25 ಎಂಎಂ ಐಎಸ್‌ಐ ಮಾರ್ಕಿನ ಪಿವಿಸಿ, ಮೀಡಿಯಂ ದರ್ಜೆ. ಕ್ಯಾಟ್ 6 ಸುಮಾರು 6 ಎಂಎಂ ದಪ್ಪ, ಒಂದು 25 ಎಂಎಂ ಪೈಪಿನಲ್ಲಿ ಮೂರು ಸಲೀಸಾಗಿ ಹೋಗುತ್ತವೆ, ನಾಲ್ಕನೆಯದು ತಿಣುಕಿ ಹೋಗುತ್ತದೆ. ತಿರುವಿನಲ್ಲಿ ಮೊಳಕೈ ಎಲ್ಬೋ ಹಾಕಬಾರದು, ಉದ್ದನೆಯ ಬೆಂಡೇ ಬೇಕು. ಕ್ಯಾಟ್ 6 ತನ್ನ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ, ಅಂದರೆ 25 ಎಂಎಂ ತ್ರಿಜ್ಯಕ್ಕಿಂತ ಕಡಿಮೆಗೆ, ಬಾಗಬಾರದು. ಎರಡು ತಿರುವಿಗೆ ಒಂದು ಜಂಕ್ಷನ್ ಡಬ್ಬಿ ಕೊಡದೆ ಹೋದರೆ ಮೂರನೇ ತಿರುವಿನಲ್ಲಿ ವೈರು ಸಿಕ್ಕಿಬೀಳುತ್ತದೆ. ಆಗ ಎಲೆಕ್ಟ್ರಿಷಿಯನ್ ಮೈಭಾರ ಹಾಕಿ ಎಳೆಯುತ್ತಾನೆ, ಒಳಗೆ ಎರಡೆರಡಾಗಿ ಹೆಣೆದ ಎಳೆಗಳ ಜೋಡಿಗಳ ಹೆಣಿಗೆ ಹಿಗ್ಗುತ್ತದೆ. ಹನ್ನೊಂದು ಕಿಲೋ ಬಲದ ಮೇಲೆ ಎಳೆಯುವ ಕೇಬಲ್ಲಲ್ಲ ಅದು. ಕರೆಂಟಿನ ಪೈಪಿನೊಳಗೇ ಇದನ್ನೂ ತುರುಕುವ ಚಾಳಿ ನಮ್ಮಲ್ಲಿದೆ. ಸುರಕ್ಷತೆಯ ದೃಷ್ಟಿಯಿಂದಲೇ ಅದು ತಪ್ಪು. ಎರಡೂ ಪೈಪು ಜೊತೆಯಾಗಿ ಓಡುವಲ್ಲಿ ಒಂದು ಗೇಣು ಬಿಟ್ಟು, ದಾಟುವಲ್ಲಿ ನೇರ ಅಡ್ಡಲಾಗಿ ದಾಟಿಸಬೇಕು.

ನಾಲ್ಕೂವರೆ ಇಂಚಿನ ಗೋಡೆಯನ್ನು ಅಡ್ಡಕ್ಕೆ ಉದ್ದೋ ಉದ್ದ ಕಡಿಯಲು ಗೌಂಡಿಗೆ ಬಿಡಬೇಡಿ. ಲಂಬವಾಗಿ ಗೋಡೆಯ ಮೂರನೇ ಒಂದು ಪಾಲಿನಷ್ಟು ಆಳ, ಅಂದರೆ ಒಂದೂವರೆ ಇಂಚು, ಕಡಿದರೆ 25 ಎಂಎಂ ಪೈಪು ಕೂಡುತ್ತದೆ. ಅಡ್ಡ ಓಟವೆಲ್ಲ ಪಿಓಪಿ ಛತ್ತಿನ ಮೇಲೆ ಆಗಲಿ. ಕಡಿದ ಜಾಗಕ್ಕೆ ಕೋಳಿ ಜಾಳಿಗೆ ಬಡಿದು ಗಿಲಾವು ಮಾಡದಿದ್ದರೆ ವರ್ಷದೊಳಗೆ ಪೈಪಿನ ಉದ್ದಕ್ಕೂ ಬಿರುಕು ಕಾಣುತ್ತದೆ. ಕಲ್ಲಿನ ಗೋಡೆಯಾದರೆ ಕಡಿಯುವ ಮಾತೇ ಬೇಡ. ಛತ್ತಿನ ಅಂಚಿಗೆ ವೈರು ಓಡಿಸುವ ಪಟ್ಟಿ ಹೊಡೆದು, ಕೋಣೆಯಿಂದ ಕೋಣೆಗೆ ಉದ್ದನೆಯ ಬಿಟ್ಟಿನಿಂದ ಒಂದೇ ತೂತು ಕೊರೆಸುವುದೇ ಸರಿ.

ಪೈಪು ಕೂಡಿಸಿದ ಕೂಡಲೇ ಎರಡೂ ಬಾಯಿಗೆ ಮುಚ್ಚಳ, ಒಳಗೆ ನೈಲಾನ್ ದಾರ. ಗಿಲಾವಿನ ಮಾಲು ಒಳಗೆ ಬಿದ್ದು ಗಟ್ಟಿಯಾಯಿತೆಂದರೆ ಆ ಪೈಪಿನ ಕಥೆ ಮುಗಿಯಿತು. ಮುಚ್ಚುವ ಮೊದಲು ಗೋಡೆಗೆ ಟೇಪು ಹಿಡಿದು, ಅಳತೆ ಕಾಣುವಂತೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಗೋಡೆಗಡಿಯಾರಕ್ಕೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ.

ಕೇಬಲ್ಲಿನ ವಿಷಯದಲ್ಲಿ ನಮ್ಮ ಬಜಾರಿನಲ್ಲಿ ಎಚ್ಚರ ಬೇಕು. ಅಲ್ಯುಮಿನಿಯಮ್ಮಿಗೆ ತಾಮ್ರ ಲೇಪಿಸಿದ ಮಾಲು, ಸಿಸಿಎ ಎನ್ನುವುದು, ಕ್ಯಾಟ್ 6 ಹೆಸರಿನಲ್ಲೇ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ನಾಲ್ಕಾರು ಸಲ ಹಿಂದೆ ಮುಂದೆ ಬಾಗಿಸಿದರೆ ಮುರಿಯುತ್ತದೆ. ಇನ್ನೂ ಖಚಿತ ಪರೀಕ್ಷೆ ಮಲ್ಟಿಮೀಟರಿನದು. 305 ಮೀಟರಿನ ಡಬ್ಬಿಯಲ್ಲಿ ಒಂದು ಜೋಡಿಯ ಎರಡು ಎಳೆಗಳನ್ನು ಆ ತುದಿಯಲ್ಲಿ ಕೂಡಿಸಿ ಈ ತುದಿಯಲ್ಲಿ ಓಮ್ ನೋಡಿ. 23 ಗೇಜಿನ ಅಪ್ಪಟ ತಾಮ್ರವಾದರೆ 40ರಿಂದ 45ರೊಳಗೆ ತೋರಿಸುತ್ತದೆ, ಸಿಸಿಎ ಆದರೆ 60 ದಾಟುತ್ತದೆ. ಅದರಲ್ಲಿ ಆಕ್ಸೆಸ್ ಪಾಯಿಂಟಿಗೋ ಕ್ಯಾಮೆರಾಕ್ಕೋ ಕರೆಂಟು ಕಳಿಸಿದರೆ ವೋಲ್ಟೇಜು ದಾರಿಯಲ್ಲೇ ಬಿದ್ದು, ವೈರು ಬಿಸಿಯಾಗಿ, ಉಪಕರಣ ಹೊತ್ತಲ್ಲದ ಹೊತ್ತಲ್ಲಿ ಬಂದ್ ಆಗುತ್ತದೆ. ಮೂರು ಕೋಣೆಯ ಮನೆಗೆ ಹಾಲಿನ ಟಿವಿಗೆ ಎರಡು, ಓದುವ ಟೇಬಲ್ಲಿಗೆ ಎರಡು, ಕೋಣೆಗೊಂದು, ಛತ್ತಿಗೊಂದು, ಬಾಗಿಲ ಕ್ಯಾಮೆರಾಕ್ಕೊಂದು, ಮಾಳಿಗೆಗೊಂದು, ಹೀಗೆ ಹತ್ತು ಓಟ ಹಿಡಿದರೂ ಒಂದು ಡಬ್ಬಿಯಲ್ಲಿ ಉಳಿಯುತ್ತದೆ. ಮೇಲಿನ ದರ್ಜೆಯ ಕ್ಯಾಟ್ 6ಎ ಮನೆಗೆ ಬೇಕಿಲ್ಲ. ಮನೆಯೊಳಗಿನ ಮೂವತ್ತು ನಲವತ್ತು ಮೀಟರಿಗೆ ಕ್ಯಾಟ್ 6ರಲ್ಲೇ 10 ಗಿಗಾಬಿಟ್ ಓಡುತ್ತದೆ.

ಹೆಚ್ಚು ಕೆಡುವುದು ತುದಿಯ ಜೋಡಣೆಯಲ್ಲಿ. ಗೋಡೆಯೊಳಗಿನ ಗಟ್ಟಿ ಎಳೆಯ ವೈರಿಗೆ ನೇರ ಪ್ಲಗ್ಗು ಕ್ರಿಂಪ್ ಮಾಡಿ ನೇತುಬಿಡುತ್ತಾರೆ. ಬೋರ್ಡಿನಲ್ಲಿ ಆರ್‌ಜೆ45 ಸಾಕೆಟ್ ಕೂಡಿಸಿ, ಪಂಚ್ ಟೂಲಿನಿಂದ ಒತ್ತಿ, ಅಲ್ಲಿಂದ ಬಿಡಿ ಪ್ಯಾಚ್ ವೈರು ಕೊಡುವುದು ಸರಿಯಾದ ಕ್ರಮ. ಹೆಣಿಗೆಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬಾರದು. ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂರು ಮತ್ತು ಆರನೇ ಪಿನ್ನಿಗೆ ಒಂದೇ ಜೋಡಿ ಬರಬೇಕು, ಅದಕ್ಕೇ ಹಸಿರಿನ ನಡುವೆ ನೀಲಿ ಕೂತಿರುವುದು. ಇದು ತಿಳಿಯದವರು ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಸಾಲಾಗಿ ಎರಡೂ ಕಡೆ ಒಂದೇ ತರಹ ಹಾಕುತ್ತಾರೆ. ಸಾದಾ ಟೆಸ್ಟರಿನಲ್ಲಿ ಎಂಟೂ ದೀಪ ಕ್ರಮವಾಗಿ ಹತ್ತುತ್ತವೆ, "ಓಕೆ ಅದರೀ" ಎಂದು ಹೋಗುತ್ತಾರೆ. ಆದರೆ ಜೋಡಿ ಒಡೆದಿರುವುದರಿಂದ ಒಂದರ ಸದ್ದು ಇನ್ನೊಂದಕ್ಕೆ ಹತ್ತಿ, ಲಿಂಕು 100 ಎಂಬಿಪಿಎಸ್ಸಿಗೆ ಇಳಿಯುತ್ತದೆ ಅಥವಾ ಆಗಾಗ ಕಡಿದು ಹೋಗುತ್ತದೆ. ಬೈಸಿಕೊಳ್ಳುವುದು ಪಾಪ ನೆಟ್ ಕೊಟ್ಟವರು. ದೀಪ ನೋಡಿ ದುಡ್ಡು ಕೊಡಬಾರದು. ಎರಡು ತುದಿಗೆ ಎರಡು ಲ್ಯಾಪ್‌ಟಾಪು ಹಚ್ಚಿ, ವೇಗ ಅಳೆಯುವ ಐಪರ್ಫ್ ತಂತ್ರಾಂಶ ಓಡಿಸಿ, ಗಿಗಾಬಿಟ್ ಲಿಂಕಿನಲ್ಲಿ 940 ಎಂಬಿಪಿಎಸ್ ಸುತ್ತ ಬಂತೆಂದರೆ ಕೆಲಸ ಸರಿಯಾಗಿದೆ.

ಇದರಲ್ಲಿ ಕಷ್ಟದ್ದೇನೂ ಇಲ್ಲ, ಆದರೆ ಹೊತ್ತಿಗೆ ಸರಿಯಾಗಿ ಆಗಬೇಕು. ಅಪ್ಪನ (ಶರಣಬಸವೇಶ್ವರರ) ಜಾತ್ರಿಗಿಂತ ಮೊದಲ ಬಣ್ಣ ಮುಗೀಬೇಕು ಎಂದು ಹಟ ಹಿಡಿಯುವ ಮನೆಯಲ್ಲಿ, ಗಿಲಾವಿಗಿಂತ ಮೊದಲು ಈ ಪೈಪು ಆಗಬೇಕು ಎನ್ನುವವರು ಯಾರೂ ಇರುವುದಿಲ್ಲ. ಒಲೆ ಆಗ್ನೇಯಕ್ಕೆ ಬರಲೆಂದು ಗೋಡೆ ಸರಿಸುತ್ತಾರೆ. ಗ್ರೌಂಡ್ ಫ್ಲೋರಿನ ನೆಟ್ ಮೇಲಿನ ಕೋಣೆಗೆ ಹೋಗಲೆಂದು ಒಂದು ತೂತು ಬಿಡುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮ ತಂದಿದೆ, ಒಳ್ಳೆಯದೇ. ಆದರೆ ಕಲಬುರಗಿಯ ಶಹಾಬಜಾರಿನ ಒಂದು ಮನೆಯ ರಿಪೇರಿಗೆ ಅದು ದಾರಿ ತೋರುವುದಿಲ್ಲ, ಮನೆಯವರೇ ಹೇಳಿ ಮಾಡಿಸಬೇಕು.

ಡಚ್ಚರ ಪದ್ಧತಿಗೂ ಕೊರತೆಗಳಿವೆ ಎಂದು ಒಪ್ಪಬೇಕು. ಅವರ ಖಾಲಿ ಪೈಪು ಬಹಳ ಕಡೆ 16 ಎಂಎಂನದು. ಹಳೇ ಕೇಬಲ್ ಕಿತ್ತು ಹಾಕದೆ ಹೊಸದು ಹೋಗುವುದಿಲ್ಲ, ಎರಡು ಕ್ಯಾಟ್ 6 ಒಟ್ಟಿಗೆ ಹೋಗುವ ಆಸೆಯೇ ಬೇಡ. ಕಪಾಟು ಮನೆಯ ಒಂದು ತುದಿಗಿರುವುದರಿಂದ ರೂಟರನ್ನು ಅಲ್ಲೇ ಇಟ್ಟರೆ ಹಿಂದಿನ ಕೋಣೆಗೆ ವೈಫೈ ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಕಟ್ಟಿದವನು ಟಿವಿ ಎಲ್ಲಿರಬೇಕೆಂದು ನಿಶ್ಚಯಿಸಿದನೋ ಪೈಪು ಅಲ್ಲಿಗೇ ಬಂದಿರುತ್ತದೆ, ಕಾಂಕ್ರೀಟಿನೊಳಗಿಂದ ಅದನ್ನು ಸರಿಸಲು ಕೂಲಿಯೇ ಕೈಕಚ್ಚುತ್ತದೆ. ನಮ್ಮಲ್ಲಿ ಹಾಗಲ್ಲ. ಅಣ್ಣತಮ್ಮಂದಿರು ಬೇರೆಯಾಗಿ ಹಾಲಿನ ನಡುವೆ ಗೋಡೆ ಎದ್ದರೂ, ಬಾಡಿಗೆಗೆಂದು ಮುಂದಿನ ಕೋಣೆ ಬೇರ್ಪಟ್ಟರೂ, ಗೌಂಡಿ ನಾಳೆಯೇ ಬಂದು ಕಡಿದು ಸಂಜೆಗೆ ಮುಚ್ಚಿ ಕೊಡುತ್ತಾನೆ. ಮನೆಯ ಸ್ವರೂಪ ಹೀಗೆ ಬದಲಾಗುತ್ತಲೇ ಇರುವಾಗ ಎಲ್ಲವನ್ನೂ ಗೋಡೆಯೊಳಗೆ ಹೂಳದೆ ಪಟ್ಟಿಯಲ್ಲಿ ಹೊರಗೆ ಓಡಿಸುವುದಕ್ಕೂ ಅರ್ಥವಿದೆ, ಪಟ್ಟಿಯಾದರೂ ಅಚ್ಚುಕಟ್ಟಾಗಿ ಹೊಡೆದಿದ್ದರೆ. ನಮ್ಮ ಎಲೆಕ್ಟ್ರಿಷಿಯನ್ನರ ಕೈಯಂತೂ ಚುರುಕು. ಬಣ್ಣದ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಗೂಡಿನ ಬಾಗಿಲ ಒಳಮೈಗೆ ಅಂಟಿಸಿ, ಪಂಚ್ ಟೂಲು ಕೈಗೆ ಕೊಟ್ಟರೆ ಹತ್ತು ಸಾಕೆಟ್ಟು ಅರ್ಧ ದಿನದ ಕೆಲಸ. ಆ ಚೀಟಿಯ ಮೇಲೆಯೇ ಯಾವ ನಂಬರಿನ ವೈರು ಯಾವ ಕೋಣೆಗೆ ಹೋಗಿದೆ ಎಂಬುದನ್ನೂ ಬರೆಸಿಡಿ, ಎರಡೂ ತುದಿಗೆ ಅದೇ ನಂಬರಿನ ಲೇಬಲ್ ಸುತ್ತಿಸಿ.