ಚಂದ್ರನವರೆಗೆ ಮೀಟರ್ ಎಷ್ಟಾಯ್ತು ಸಾರ್?

ಶ್ರೀಹರಿಕೋಟಾದಲ್ಲಿ ಕೌಂಟ್‌ಡೌನ್ ಶುರುವಾದರೆ ಸಾಕು, ವರ್ಷವಿಡೀ ಬಜೆಟ್ಟಿನ ಒಂದು ಹಾಳೆಯನ್ನೂ ಮಗುಚಿ ನೋಡದ ನಮಗೆಲ್ಲ ಸರ್ಕಾರದ ದುಡ್ಡಿನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕುತ್ತದೆ. ಬೆಳಿಗ್ಗೆ ಹಾಲಿನ ಬೂತಿನಲ್ಲಿ, ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಸಂಜೆ ಮನೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಗಾದೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ರಾತ್ರಿ ಟಿ.ವಿ. ಹಚ್ಚಿದರೆ ನಿರೂಪಕ ಗಗನಯಾತ್ರಿಯ ವೇಷ ತೊಟ್ಟು, ಗ್ರಾಫಿಕ್ಸಿನ ಚಂದ್ರನ ಮೇಲೆ ಕುಪ್ಪಳಿಸುತ್ತ, ‘ದೇಶಕ್ಕೆ ಬೇಕಿರುವುದು ರಾಕೆಟ್ಟೋ, ರೊಟ್ಟಿಯೋ?’ ಎಂದು ಅರಚುತ್ತಿರುತ್ತಾನೆ. ಒಂದು ಕಡೆ ಕೂತವರು ರೊಟ್ಟಿ ಎನ್ನುತ್ತಾರೆ. ಇನ್ನೊಂದು ಕಡೆ ಕೂತವರು ದೇಶದ್ರೋಹಿ ಎನ್ನುತ್ತಾರೆ. ನಡುವೆ ಕೂರಿಸಿದ ನಿವೃತ್ತ ವಿಜ್ಞಾನಿ ಕ್ರಯೋಜೆನಿಕ್ ಎಂಜಿನ್ ಎಂದರೇನು ಅಂತ ಬಾಯಿ ತೆರೆಯುವಷ್ಟರಲ್ಲಿ ಪುಟ್ಟ ವಿರಾಮ. ವಿರಾಮದಲ್ಲಿ ಏಲಕ್ಕಿಯ ಹೆಸರಿನಲ್ಲಿ ಪಾನ್ ಮಸಾಲದ ಜಾಹೀರಾತು.

ಮಲ್ಲಿಗೆಯ ಲೆಕ್ಕ ಮೊದಲು ಮುಗಿಸಿಬಿಡೋಣ, ಅದು ಚಿಕ್ಕದು. 2025-26ರ ಕೇಂದ್ರ ಬಜೆಟ್ಟಿನ ಗಾತ್ರ ₹50.65 ಲಕ್ಷ ಕೋಟಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು ₹13,416 ಕೋಟಿ. ನೂರು ರೂಪಾಯಿಯಲ್ಲಿ 27 ಪೈಸೆಯೂ ಇಲ್ಲ. ಆ ದುಡ್ಡು ಹಿಡಿದು ಗಾಂಧಿಬಜಾರಿಗೆ ಹೋದರೆ ಮೊಳ ಮಲ್ಲಿಗೆ ಹಾಗಿರಲಿ, ಹೂ ಕಟ್ಟುವ ದಾರವೂ ಸಿಗುವುದಿಲ್ಲ. ಈ ಪೈಸೆಗಳಲ್ಲೇ ಚಂಡಮಾರುತದ ಮೇಲೆ ಕಣ್ಣಿಡುವ ಉಪಗ್ರಹ ಬರುತ್ತದೆ. ಸಮುದ್ರದ ಬಣ್ಣ, ಬಿಸಿ ಅಳೆದು ಮಲ್ಪೆಯ ಬೋಟಿನವರಿಗೆ ಮೀನು ಯಾವ ದಿಕ್ಕಿನಲ್ಲಿ ಸಿಕ್ಕೀತು ಎಂಬ ಸೂಚನೆಯೂ ಬರುತ್ತದೆ. ಹಿಟ್ಟು ಹೊಟ್ಟೆಗೆ ಯಾಕೆ ಸೇರಲಿಲ್ಲ ಎಂಬ ಪ್ರಶ್ನೆಯನ್ನು ಉಳಿದ ₹99.73ಕ್ಕೆ ಕೇಳಬಹುದಿತ್ತು. ಆದರೆ ಅದಕ್ಕೆ ಬೆಂಕಿ ಉಗುಳುವ ಬಾಲವಿಲ್ಲ, ಟಿ.ವಿ.ಯಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಈ ಗಾದೆಗೆ ಎದುರು ಪಕ್ಷದವರು ಕೊಡುವ ಉತ್ತರ ಇನ್ನೂ ಸೊಗಸು. ಅವರು ರಾಕೆಟ್ ಯಾಕೆ ಬೇಕು ಅಂತ ಹೇಳುವ ಗೋಜಿಗೇ ಹೋಗುವುದಿಲ್ಲ. ‘ಅಗ್ಗಕ್ಕೆ ಬಂತು ಕಣ್ರೀ’ ಎನ್ನುತ್ತಾರೆ.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಖರ್ಚು ₹450 ಕೋಟಿ. ನಾಲ್ಕೇ ದಿನಕ್ಕೆ ಪ್ರಧಾನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಲೆಕ್ಕ ಒಪ್ಪಿಸಿದರು: ಅಹಮದಾಬಾದಿನಲ್ಲಿ ಆಟೋ ಹತ್ತಿದರೆ ಕಿಲೋಮೀಟರಿಗೆ ಹತ್ತು ರೂಪಾಯಿ, ನಾವು 65 ಕೋಟಿ ಕಿಲೋಮೀಟರ್ ಹೋಗಿದ್ದು ಏಳೇ ರೂಪಾಯಿಯಂತೆ. ಚಪ್ಪಾಳೆಯೋ ಚಪ್ಪಾಳೆ. ಅಂದಿನಿಂದ ಭಾರತದ ಬಾಹ್ಯಾಕಾಶ ನೀತಿಗೆ ಖಾಕಿ ಅಂಗಿ ತೊಡಿಸಿದ್ದಾಗಿದೆ.

ಅದೇ ಮೀಟರನ್ನು ಚಂದ್ರಯಾನ-3ಕ್ಕೆ ಹಾಕಿ ನೋಡೋಣ. ಖರ್ಚು ಸುಮಾರು ₹615 ಕೋಟಿ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ. ಭಾಗಿಸಿದರೆ ಕಿಲೋಮೀಟರಿಗೆ ಹದಿನಾರು ಸಾವಿರ ರೂಪಾಯಿ! ಬೆಂಗಳೂರಿನ ಆಟೋ ದರ 2025ರ ಆಗಸ್ಟಿನಿಂದ ಕಿಲೋಮೀಟರಿಗೆ ₹18. ರಾತ್ರಿ ಹತ್ತರ ಮೇಲೆ ಮಳೆಯಲ್ಲಿ ಸಿಲ್ಕ್ ಬೋರ್ಡಿನಲ್ಲಿ ನಿಂತವನ ಹತ್ತಿರವೂ ಯಾವ ಆಟೋದವನೂ ಹದಿನಾರು ಸಾವಿರ ಕೇಳಿದ ದಾಖಲೆ ಇಲ್ಲ. ಕೇಳುವ ಮನಸ್ಸಿದ್ದೀತು, ಆ ಮಾತು ಬೇರೆ. ಚಂದ್ರಯಾನ ಇಳಿದಾಗ ಭಾಷಣಗಳಲ್ಲಿ ಆಟೋ ಯಾಕೆ ಬರಲಿಲ್ಲ ಅಂತ ಈಗ ತಿಳಿಯಿತಲ್ಲ? ಆ ಸಲ ಸಿನಿಮಾ ಬಂತು. ಒಂದು ದೊಡ್ಡ ಸಿನಿಮಾದ ಬಜೆಟ್ಟಿಗಿಂತ ಕಡಿಮೆ ದುಡ್ಡಿನಲ್ಲಿ ಚಂದ್ರನ ಮೇಲೆ ಇಳಿದೆವು ಅಂತ ಎಲ್ಲರೂ ಎದೆಯುಬ್ಬಿಸಿದರು.

ಮೀಟರ್ ಪಕ್ಷದವರು ಇಷ್ಟಕ್ಕೆ ಎದೆಗುಂದಬೇಕಿಲ್ಲ, ಅವರಿಗೊಂದು ದಾರಿ ನಾನೇ ತೋರಿಸುತ್ತೇನೆ. ಚಂದ್ರಯಾನ-3 ನೇರವಾಗಿ ಹೋಗಿಲ್ಲ. 2023ರ ಜುಲೈ 14ರಂದು ಹೊರಟು, ಭೂಮಿಯನ್ನೇ ಮೊಟ್ಟೆಯಾಕಾರದಲ್ಲಿ ಸುತ್ತಿ, ಪ್ರತಿ ಸಲ ಭೂಮಿಯ ಹತ್ತಿರ ಬಂದಾಗ ಎಂಜಿನ್ ಒಂದಿಷ್ಟು ಉರಿಸಿ, ಸುತ್ತನ್ನು ಹಿಗ್ಗಿಸುತ್ತ ಹಿಗ್ಗಿಸುತ್ತ ಆಗಸ್ಟ್ 23ರ ಸಂಜೆ 6.04ಕ್ಕೆ ಇಳಿಯಿತು. ನಲವತ್ತು ದಿನ. ಅಮೆರಿಕದ ಅಪೋಲೊದವರು ನಾಲ್ಕು ದಿನದೊಳಗೆ ಚಂದ್ರನ ಕಕ್ಷೆ ಸೇರಿಬಿಡುತ್ತಿದ್ದರು, ಅವರ ಹತ್ತಿರ ಸ್ಯಾಟರ್ನ್-5 ಎಂಬ ದೈತ್ಯನಿದ್ದ. ನಮ್ಮ ರಾಕೆಟ್ಟಿಗೆ ಅಷ್ಟು ಕಸುವಿಲ್ಲ, ಇಂಧನ ಉಳಿಸಬೇಕಾದರೆ ಸುತ್ತಲೇಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ, ನಿಜಕ್ಕೂ ಜಾಣ್ಮೆಯ ಕೆಲಸ. ಆದರೆ ಇದನ್ನೇ ಮೀಟರಿಗೆ ಜೋಡಿಸಿದರೆ ಮೆಜೆಸ್ಟಿಕ್ಕಿನಿಂದ ಜಯನಗರಕ್ಕೆ ಹೀಗೊಂದು ಸವಾರಿ ಆದೀತು.

‘ಅಣ್ಣಾ, ಇದೇನು ಯಶವಂತಪುರದ ಕಡೆ ಬಂದ್ರಿ?’

‘ಕಕ್ಷೆ ಎತ್ತರಿಸ್ತಾ ಇದೀನಿ ಸಾರ್.’

‘ದುಡ್ಡು?’

‘ಮಾತಾಡಿದ್ದಷ್ಟೇ ಕೊಡಿ. ಸುತ್ತಿದಷ್ಟೂ ನಿಮಗೆ ಕಿಲೋಮೀಟರ್ ರೇಟ್ ಇಳೀತದೆ. ಇನ್ನೊಂದು ರೌಂಡ್ ತುಮಕೂರಿಗೆ ಹೋಗಿ ಬಂದ್ಬಿಟ್ರೆ ಬಸ್ಸಿಗಿಂತ ಚೀಪು.’

ಈ ತರ್ಕದ ಪ್ರಕಾರ ನಮ್ಮ ಅತ್ಯಂತ ಅಗ್ಗದ ಸಾಧನೆಗಳ ಸಾಲಿನಲ್ಲಿ ಚಂದ್ರಯಾನ-2 ಇರಬೇಕು. ಅದರ ಲ್ಯಾಂಡರ್ ಬಿದ್ದುಹೋಯಿತು, ನಿಜ. ಆದರೆ ಆರ್ಬಿಟರ್ 2019ರಿಂದ ಚಂದ್ರನ ಸುತ್ತ ತಿರುಗುತ್ತಲೇ ಇದ್ದು ಕಿಲೋಮೀಟರ್ ಕೂಡಿಹಾಕಿದೆ. ಇನ್ನು ಚಂದ್ರಯಾನ-4 ಚಂದ್ರನ ಮಣ್ಣು ಹೊತ್ತು ವಾಪಸು ಬರಬೇಕಾದದ್ದು. ಅದಕ್ಕೆ ಮಂಜೂರಾದದ್ದು ₹2,104 ಕೋಟಿ. ದುಬಾರಿ ಎನ್ನುವವರಿಗೆ ಬೆಂಗಳೂರಿನ ಯಾವ ಆಟೋಸ್ಟ್ಯಾಂಡಿನಲ್ಲೂ ಉತ್ತರ ಸಿಗುತ್ತದೆ: ಆ ಕಡೆಯಿಂದ ಬಾಡಿಗೆ ಸಿಗಲ್ಲ ಸಾರ್, ಖಾಲಿ ಬರಬೇಕು.

ಶೌಚಾಲಯದ ವಾದವೂ ಒಂದಿದೆ. ‘ಮೊದಲು ಶೌಚಾಲಯ ಕಟ್ಟಿ, ಆಮೇಲೆ ಉಪಗ್ರಹ ಹಾರಿಸಿ’ ಎನ್ನುವವರಿಗೆ ಪೀಣ್ಯದ ಚರಿತ್ರೆ ಗೊತ್ತಿರಲಿಕ್ಕಿಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದ ಆರ್ಯಭಟ ತಯಾರಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ತಂಡದ ಯಜಮಾನಿಕೆ ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರದು. ಉಪಗ್ರಹ ಕಳಿಸುವ ಮಾಹಿತಿ ಹಿಡಿಯಲು ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕಾರ ಕೇಂದ್ರ ಮಾಡಿಕೊಂಡಿದ್ದರು. ಅಂದರೆ ಅವರು ಹೇಳಿದ ಕ್ರಮದಲ್ಲೇ ಎಲ್ಲ ನಡೆದಿದೆ, ಮೊದಲು ಶೌಚಾಲಯ, ಆಮೇಲೆ ಉಪಗ್ರಹ. ವಿರೋಧಿಗಳು ಬುದ್ಧಿವಂತರಾಗಿದ್ದರೆ ಇದನ್ನು ಒತ್ತುವರಿ ಪ್ರಕರಣವೆಂದು ದಾಖಲಿಸಿ ಐವತ್ತು ವರ್ಷದ ಬಾಡಿಗೆ ಕೇಳಬಹುದಿತ್ತು.

ರಸ್ತೆಗುಂಡಿಯದೂ ಚಂದ್ರನಿಗೆ ಹತ್ತಿರದ ನೆಂಟಸ್ತಿಕೆ. 2019ರ ಸೆಪ್ಟೆಂಬರ್ ಮೊದಲ ವಾರ ಕಲಾವಿದ ಬಾದಲ್ ನಂಜುಂಡಸ್ವಾಮಿ ಹೇರೋಹಳ್ಳಿ ಕಡೆಯ ತುಂಗಾನಗರ ಮುಖ್ಯರಸ್ತೆಯಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ದಿರಿಸು ತೊಡಿಸಿ ನಿಧಾನಕ್ಕೆ ನಡೆಸಿದರು. ಥೇಟ್ ಚಂದ್ರನ ನೆಲ. ಪಕ್ಕದಲ್ಲಿ ಆಟೋ ಹಾದುಹೋದ ಮೇಲೇ ಅದು ಬೆಂಗಳೂರೆಂದು ಗೊತ್ತಾಗುತ್ತಿದ್ದದ್ದು. ಮರುದಿನವೇ ಪಾಲಿಕೆಯವರು ಗುಂಡಿ ಮುಚ್ಚಲು ಓಡಿಬಂದರು. ಅದೇ ವಾರ, ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಳೆದುಕೊಂಡಿತು. ಆ ವಾರ ಬೆಂಗಳೂರಿನಿಂದ ನಡೆದ ಎರಡು ಚಂದ್ರ ಕಾರ್ಯಾಚರಣೆಗಳಲ್ಲಿ ಪೂರ್ತಿ ಗೆದ್ದದ್ದು ತುಂಗಾನಗರದ್ದು ಮಾತ್ರ.

ಅದನ್ನು ನೋಡಿದವರು ‘ಆ ರಾಕೆಟ್ ದುಡ್ಡಲ್ಲಿ ಈ ಗುಂಡಿ ಮುಚ್ಚಬಾರದಿತ್ತೇ’ ಅಂದರು. ಇಸ್ರೋದ ದುಡ್ಡು ದಿಲ್ಲಿಯದು, ಪ್ರಧಾನಿಯ ಕೈಕೆಳಗಿನ ಇಲಾಖೆಯದು. ಗುಂಡಿಯ ದುಡ್ಡು ಪಾಲಿಕೆಯದು. ಉಡಾವಣೆ ನಿಲ್ಲಿಸಿದರೆ ಮಿಕ್ಕ ಹಣ ತಾನಾಗಿಯೇ ರೈಲು ಹತ್ತಿ ಯಶವಂತಪುರದಲ್ಲಿಳಿದು, ದಾರಿ ಕೇಳಿಕೊಂಡು ತುಂಗಾನಗರಕ್ಕೆ ಬಂದು, ಡಾಂಬರಾಗಿ ಮಲಗುತ್ತದೆ ಎಂದು ನಂಬಲು ಒಂದು ಮಟ್ಟದ ದೈವಭಕ್ತಿ ಬೇಕು. ನಂಬುವುದೇ ಆದರೆ ಇನ್ನೊಂದು ಲೆಕ್ಕವನ್ನೂ ನಂಬಬಹುದು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಕೊರೆಯಬೇಕೆಂದಿರುವ ಸುರಂಗ ರಸ್ತೆಯ ಉದ್ದ ಸುಮಾರು 17 ಕಿ.ಮೀ., ಅಂದಾಜು ವೆಚ್ಚ ₹17,000 ಕೋಟಿಗೂ ಮೇಲೆ. ಚಂದ್ರಯಾನ-3ನ್ನು ರದ್ದು ಮಾಡಿ ಆ ದುಡ್ಡನ್ನು ಇದಕ್ಕೆ ಸುರಿದಿದ್ದರೆ ಹೆಬ್ಬಾಳದಲ್ಲಿ ಸುರಂಗ ಹೊಕ್ಕವನು 600 ಮೀಟರ್ ಹೋಗಿ ನಿಲ್ಲುತ್ತಿದ್ದ. ಆ ಕತ್ತಲಲ್ಲಿ ಚಂದ್ರನೂ ಕಾಣುತ್ತಿರಲಿಲ್ಲ.

2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದಾಗ ಜಗಳ ನಮ್ಮ ಧಾರವಾಡಕ್ಕೇ ಬಂತು. ಆ ಪ್ರಯಾಣಕ್ಕೆ ಭಾರತ ಸುಮಾರು ₹550 ಕೋಟಿ ಕೊಟ್ಟಿತ್ತು. ಅಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಿದ್ಧಪಡಿಸಿದ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸುವುದೂ ಒಂದು. ತೂಕವಿಲ್ಲದ ಜಾಗದಲ್ಲಿ ಬೀಜ ಹೇಗೆ ಚಿಗುರುತ್ತದೆ, ಅದರ ಪೋಷಕಾಂಶ ಏನಾಗುತ್ತದೆ ಎಂಬ ಕುತೂಹಲಕ್ಕೆ ನಮ್ಮ ವಾಟ್ಸ್ಆ್ಯಪ್ ಚಿಕ್ಕಪ್ಪನ ಪ್ರತಿಕ್ರಿಯೆ: ‘ನಮ್ಮವ್ವ ಒಂದು ಒದ್ದೆ ಅರಿವೆಯಾಗ ಕಟ್ಟಿ ಇಡ್ತಿದ್ಳು, ಐದನೂರಾ ಐವತ್ತು ಕೋಟಿ ಎಂದೂ ಕೇಳಿಲ್ಲ.’ ನೂರಾ ಹನ್ನೆರಡು ಜನ ನಗುವ ಮುಖ ಒತ್ತಿದರು. ಚಿಕ್ಕಪ್ಪನ ಮಗ ಮೆಕ್ಯಾನಿಕಲ್ ಎಂಜಿನಿಯರು, ಒತ್ತಿದವರಲ್ಲಿ ಮೊದಲಿಗ.

ನನಗೆ ತಮಾಷೆ ಅನ್ನಿಸುವುದು ಈ ಎರಡು ಪಕ್ಷಗಳ ಒಳಒಪ್ಪಂದ. ಮಲ್ಲಿಗೆ ಪಕ್ಷ ಮತ್ತು ಮೀಟರ್ ಪಕ್ಷ ಎಷ್ಟೇ ಕಿತ್ತಾಡಲಿ, ಲೆಕ್ಕಪುಸ್ತಕ ಮಾತ್ರ ಇಬ್ಬರೂ ತೆರೆಯುವುದಿಲ್ಲ. 2018ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ, 2022ರೊಳಗೆ ಭಾರತೀಯರು ನಮ್ಮದೇ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗುತ್ತಾರೆಂದು ಘೋಷಣೆಯಾಯಿತು. ಗಗನಯಾನಕ್ಕೆ ಆಗ ಒಪ್ಪಿದ ಮೊತ್ತ ₹9,023 ಕೋಟಿ. 2024ರ ಸೆಪ್ಟೆಂಬರ್ 18ಕ್ಕೆ ಅದು ₹20,193 ಕೋಟಿಯಾಯಿತು. ಹೆಚ್ಚಿದ್ದಕ್ಕೆ ಕಾರಣಗಳಿವೆ, ಇನ್ನಷ್ಟು ಹಾರಾಟಗಳೂ ನಮ್ಮ ಸ್ವಂತ ನಿಲ್ದಾಣದ ಮೊದಲ ತುಂಡೂ ಅದರಲ್ಲಿ ಸೇರಿಕೊಂಡಿವೆ. ಅದೇ ದಿನ ಚಂದ್ರಯಾನ-4, ಶುಕ್ರಯಾನ, ಹೊಸ ಪೀಳಿಗೆಯ ರಾಕೆಟ್ ಎಲ್ಲಕ್ಕೂ ಸಂಪುಟದ ಒಪ್ಪಿಗೆ ಬಿತ್ತು. ಗಗನಯಾನಕ್ಕೆ ಹೆಚ್ಚಿಸಿದ್ದನ್ನೂ ಒಟ್ಟು ಸೇರಿಸಿದರೆ ಒಂದೇ ಬೈಠಕ್ಕಿನಲ್ಲಿ ₹22,750 ಕೋಟಿ. ಬಾಹ್ಯಾಕಾಶ ಖರ್ಚಿನ ಬಗ್ಗೆ ಜಗಳವಾಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇತ್ತೇ? ಆದರೆ ಅಂದೇ ಸಂಪುಟ ‘ಒಂದು ದೇಶ, ಒಂದು ಚುನಾವಣೆ’ ವರದಿಗೂ ತಲೆಯಾಡಿಸಿತ್ತು. ಸ್ಟುಡಿಯೋಗಳಿಗೆ ಆ ರಾತ್ರಿಯ ಊಟಕ್ಕೆ ಅಷ್ಟು ಸಾಕಾಯಿತು, ಗಗನಯಾತ್ರಿಯ ವೇಷ ಗೂಟದಿಂದ ಇಳಿಯಲೇ ಇಲ್ಲ.

2025ರ ಜನವರಿ 29ರಂದು ಶ್ರೀಹರಿಕೋಟಾದ ನೂರನೇ ಉಡಾವಣೆ ಆಯಿತು. ನೂರು ಅಂದಮೇಲೆ ಕೇಳಬೇಕೇ, ಸಂಭ್ರಮ. ರಾಕೆಟ್ ತನ್ನ ಕೆಲಸ ಮಾಡಿತು. ಆದರೆ ಒಳಗಿದ್ದ ಎನ್‌ವಿಎಸ್-02 ಉಪಗ್ರಹದ ಕವಾಟ ತೆರೆಯದೆ, ಎಂಜಿನ್ ಉರಿಯದೆ, ಅದು ಹೋಗಬೇಕಾದ ಕಕ್ಷೆಗೆ ಹೋಗಲೇ ಇಲ್ಲ. ಅದು ನಾವಿಕ್ ಸರಣಿಯದು, ನಮಗೆ ದಾರಿ ತೋರಿಸಬೇಕಾದ ಉಪಗ್ರಹ! ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೂರನೇ ಹಂತದಲ್ಲಿ ಕೈಕೊಟ್ಟಿತು. ಯಾಕೆ ಎಂಬ ವರದಿ ತಿಂಗಳುಗಳು ಕಳೆದರೂ ಜನರ ಕೈಗೆ ಬರಲಿಲ್ಲ. ಗೆದ್ದರೆ ನಾವು ಬಾಡಿಗೆ ಲೆಕ್ಕ ಹಾಕುತ್ತೇವೆ, ಸೋತರೆ ಅಪ್ಪಿಕೊಂಡು ಅಳುತ್ತೇವೆ. ಏನಾಯಿತು ಎಂದು ಕೇಳುವುದಕ್ಕೆ ಪಂಚಾಂಗದಲ್ಲಿ ದಿನವನ್ನೇ ಇಟ್ಟಿಲ್ಲ.

ಇಸ್ರೋದ ವ್ಯಾಪಾರಿ ಅಂಗವಾದ ಆಂಟ್ರಿಕ್ಸ್ 2005ರಲ್ಲಿ ಬೆಂಗಳೂರಿನದೇ ದೇವಾಸ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು, 2011ರಲ್ಲಿ ಅದು ರದ್ದಾಗಿ, 2015ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿ 56.25 ಕೋಟಿ ಡಾಲರ್ ಪರಿಹಾರ ಕೊಡಿ ಎಂದು ತೀರ್ಪು ಕೊಟ್ಟಿತು. ಆಗಿನ ದರದಲ್ಲಿ ಐದಾರು ಚಂದ್ರಯಾನ-3ರ ದುಡ್ಡು, ಬಡ್ಡಿ ಬೇರೆ. ದೇವಾಸ್ ಹುಟ್ಟಿದ್ದೇ ವಂಚನೆಗೆ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು, ಆದರೂ ವ್ಯಾಜ್ಯ ದೇಶದೇಶಗಳ ಕೋರ್ಟು ಸುತ್ತುವುದು ನಿಲ್ಲಲಿಲ್ಲ. ಇದು ಎಷ್ಟು ಶೌಚಾಲಯಕ್ಕೆ ಸಮ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಆ ‘ಅಗ್ಗ’. ಅಗ್ಗ ಹೇಗೆ ಬಂತು ಅಂತ ಕೇಳಿದರೆ ನಮ್ಮ ಎಂಜಿನಿಯರುಗಳ ಸಂಬಳ ಕಡಿಮೆ, ಒಂದೇ ಮಾದರಿಯಲ್ಲಿ ಎಲ್ಲ ಪರೀಕ್ಷೆ ಮುಗಿಸುತ್ತಾರೆ, ಹಗಲುರಾತ್ರಿ ದುಡಿಯುತ್ತಾರೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಕಡಿಮೆ ಕೂಲಿ ಕೊಟ್ಟದ್ದನ್ನು ಗಿರಾಕಿಯ ಮುಂದೆ ಜಂಬದಿಂದ ಹೇಳಿಕೊಳ್ಳುವ ಮಾಲೀಕರು ಬೇರೆ ಯಾವ ಧಂಧೆಯಲ್ಲಿದ್ದಾರೋ ತಿಳಿಯದು. ಚಂದ್ರಯಾನ-3 ಏರಿದ್ದು ಶ್ರೀಹರಿಕೋಟಾದ ಎರಡನೇ ಉಡಾವಣಾ ವೇದಿಕೆಯಿಂದ. ಅಲ್ಲಿ ರಾಕೆಟ್ಟನ್ನು ಹೊತ್ತು ಸಾಗುವ ಪೀಠ, ದೈತ್ಯ ಕ್ರೇನು ಇತ್ಯಾದಿ ಮಾಡಿಕೊಟ್ಟದ್ದು ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್, ಸರ್ಕಾರದ್ದೇ ಕಂಪನಿ. 2023ರಲ್ಲಿ ದೇಶ ಚಂದ್ರನ ಮೇಲೆ ಇಳಿದಾಗ ಅಲ್ಲಿಯ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. ತಂತ್ರಜ್ಞನೊಬ್ಬ ಸಂಸಾರ ಸಾಗಿಸಲು ಇಡ್ಲಿ ಅಂಗಡಿ ಇಟ್ಟ ಸುದ್ದಿಯನ್ನು ಬಿಬಿಸಿ ಬರೆಯಿತು. ಸರ್ಕಾರ ಕೂಡಲೇ ಎಚ್ಚೆತ್ತು ಕೊಡಬೇಕಾದದ್ದನ್ನು ಕೊಟ್ಟಿತು. ಕೊಟ್ಟದ್ದು ಸಂಬಳವಲ್ಲ, ಸ್ಪಷ್ಟನೆ: ಚಂದ್ರಯಾನ-3ರ ಯಾವ ಬಿಡಿಭಾಗವನ್ನೂ ಆ ಕಂಪನಿಗೆ ವಹಿಸಿರಲಿಲ್ಲ, ಅವರು ಇಸ್ರೋಗೆ ಕೆಲವು ಮೂಲಸೌಕರ್ಯ ಒದಗಿಸಿದ್ದು 2003ರಿಂದ 2010ರವರೆಗೆ ಮಾತ್ರ. ಹಾಗಾಗಿ ಇಡ್ಲಿಯ ಖರ್ಚು ಆ ₹615 ಕೋಟಿಯಲ್ಲಿ ಸೇರುವುದಿಲ್ಲ.