ಬಸ್ ಓಡುವ ರಸ್ತೆ ಪಕ್ಕದಲ್ಲೇ ಬಾಡಿಗೆ ಮನೆ ಬೇಕು

ಕಲಬುರಗಿಯಲ್ಲಿ ಕಮ್ಮಿ ದುಡ್ಡಿಗೆ ಮನೆ ಬೇಕು ಅಂದ್ರೆ ಎಲ್ಲರೂ ರಿಂಗ್ ರೋಡ್ ಆಚೆಗೆ ಕೈ ತೋರಿಸ್ತಾರೆ. ಅಲ್ಲಿ ಸೈಟು ಅಗ್ಗ, ಬಾಡಿಗೆ ಕಮ್ಮಿ, ನಿಜ. ಆದರೆ ದಿನಾ ಊರೊಳಗೆ ಬಂದು ಹೋಗುವ ಖರ್ಚನ್ನು ಆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ.

ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿಯುವ ಹೆಣ್ಣುಮಕ್ಕಳನ್ನು ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಬಸ್ ಪುಕ್ಕಟೆ. ಅದರಿಂದ ಭಾಳ ಮನೆಗಳಿಗೆ ಉಸಿರು ಬಂತು. ಆದರೆ ಲೇಔಟಿಗೆ ಬಸ್ಸೇ ಬರದಿದ್ದರೆ? ಉಳಿದ ದುಡ್ಡು ಟಂಟಂ ಆಟೋಗೆ ಹೋಗುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅದೂ ಸಿಗುವುದು ಕಷ್ಟ. ಮೇ ತಿಂಗಳ ನಮ್ಮ ಬಿಸಿಲಲ್ಲಿ ಮೇನ್ ರೋಡ್ ತನಕ ನಡೆದು ಹೋಗಿ ಅಂತ ಯಾರಿಗೂ ಹೇಳುವ ಹಾಗಿಲ್ಲ.

ಅದಕ್ಕೇ ನನ್ನ ಮಾತು ಇಷ್ಟು. ರೈಲ್ವೆ ಸ್ಟೇಷನ್, ಕೇಂದ್ರ ಬಸ್ ನಿಲ್ದಾಣ, ಸಿಟಿ ಬಸ್ ಜಾಸ್ತಿ ಓಡುವ ರಸ್ತೆಗಳ ಸುತ್ತ ಮನೆಗಳು ಹೆಚ್ಚಾಗಲಿ. ಒಂದಂತಸ್ತಿನ ಮನೆ ಇರುವಲ್ಲಿ ಮೂರು, ನಾಲ್ಕು ಅಂತಸ್ತು ಏಳಲಿ.

ಹೀಗಂದ ಕೂಡಲೇ ಹಳೆ ಬಡಾವಣೆಯವರು ಕೇಳುತ್ತಾರೆ: ಈಗಲೇ ನಲ್ಲಿ ನೀರಿಗೆ ಕಾಯುತ್ತೇವೆ, ಚರಂಡಿ ತುಂಬಿ ಹರಿಯುತ್ತದೆ, ಇನ್ನೂ ಜನ ಬಂದರೆ ಹೇಗೆ? ನ್ಯಾಯವಾದ ಪ್ರಶ್ನೆ. ಪೈಪು, ಚರಂಡಿ ಮೊದಲು ದೊಡ್ಡದಾಗಲೇಬೇಕು. ಆದರೆ ಹೊಲದ ನಡುವಿನ ಲೇಔಟಿಗೂ ನೀರು, ಚರಂಡಿ, ರಸ್ತೆ, ಬೀದಿದೀಪ ಎಲ್ಲ ಬೇಕಲ್ವಾ? ಕಿಲೋಮೀಟರ್‌ಗಟ್ಟಲೆ ಹೊಸದಾಗಿ ಎಳೆಯೋ ಬದಲು ಇರುವುದನ್ನೇ ಸರಿ ಮಾಡಿದರೆ ಅದೇ ದುಡ್ಡಲ್ಲಿ ಜಾಸ್ತಿ ಮನೆಗಳಿಗೆ ಅನುಕೂಲ.

ನನಗೆ ಭಯ ಇರುವುದು ಬೇರೆ ಕಡೆ. ಅಂತಸ್ತು ಏರಿಸಲು ಅನುಮತಿ ಸಿಕ್ಕ ಕೂಡಲೇ ಬಿಲ್ಡರ್ ಮೂರು ಬೆಡ್‌ರೂಮಿನ ಫ್ಲ್ಯಾಟ್ ಕಟ್ಟುತ್ತಾನೆ. ಅಲ್ಲಿ ಮೊದಲು ಸಣ್ಣ ಖೋಲಿಗಳಲ್ಲಿದ್ದ ಬಾಡಿಗೆಯವರು ಗಂಟುಮೂಟೆ ಕಟ್ಟುತ್ತಾರೆ. ಹಾಗಾದರೆ ಬಸ್ ಸ್ಟ್ಯಾಂಡ್ ಪಕ್ಕ ಕಾರಿದ್ದವರು ಇರುತ್ತಾರೆ, ಬಸ್ ಬೇಕಾದವರು ಊರ ಹೊರಗೆ.

ಇದಕ್ಕೆ ದಾರಿ ಇದೆ. ಮೆಟ್ರೋದಂಥ ಸಾರಿಗೆಯ ಸ್ಟೇಷನ್ ಸುತ್ತ 500ರಿಂದ 800 ಮೀಟರ್‌ನೊಳಗೆ ಒತ್ತಾಗಿ ಕಟ್ಟಿ, ಅದರಲ್ಲಿ ಶೇಕಡಾ 30ರಷ್ಟನ್ನು ಕಮ್ಮಿ ಆದಾಯದವರ ಕೈಗೆಟುಕುವ ಮನೆಗಳಿಗೆ ಇಡಿ ಅಂತ ಕೇಂದ್ರ ಸರ್ಕಾರದ 2017ರ ನೀತಿಯೇ ಸಲಹೆ ಕೊಡುತ್ತದೆ. ಮೆಟ್ರೋ ಇರುವ ಊರುಗಳಿಗೆ ಮಾತ್ರ ಯಾಕೆ, ನಮ್ಮ ರೈಲ್ವೆ ಸ್ಟೇಷನ್ ಸುತ್ತಲೂ ಇದು ಬರಲಿ. ಅದೇ 2017ರಲ್ಲಿ ಬೀದರ್ ರೈಲು ಮಾರ್ಗವೂ ಶುರುವಾಯಿತು. ನಮ್ಮ ಸ್ಟೇಷನ್‌ಗೆ ಈಗ ಮೂರು ದಿಕ್ಕಿನಿಂದ ಜನ ಬಂದು ಇಳಿಯುತ್ತಾರೆ.

ಹೆಚ್ಚುವರಿ ಅಂತಸ್ತು ಬೇಕೆಂದವರಿಗೆ ಸಣ್ಣ ಬಾಡಿಗೆ ಮನೆಗಳ ಷರತ್ತು ಹಾಕಿ. ಮೊದಲಿದ್ದ ಬಾಡಿಗೆಯವರಿಗೆ ಅದೇ ಜಾಗದಲ್ಲಿ ಮನೆ ಕೊಡಿಸಿ. ಊರ ಹೊರಗೆ ಹೊಸ ಲೇಔಟಿಗೆ ಸಹಿ ಹಾಕುವ ಮುಂಚೆ, ಅಲ್ಲಿಗೆ ಕೊನೆ ಬಸ್ ಎಷ್ಟು ಗಂಟೆಗೆ ಅಂತ ಬರೆಸಿಕೊಳ್ಳಿ.